ಎಫ್‌ಟಿ8 ಶುರು ಮಾಡುವ ಮುನ್ನ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಹ್ಯಾಮ್ ರೇಡಿಯೊ ಲೈಸೆನ್ಸೂ ಕಾಲ್‌ಸೈನೂ (ಗಾಳಿಯಲ್ಲಿ ನಿನ್ನ ಗುರುತಿನ ಹೆಸರು) ಕೈಗೆ ಬಂತೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷ. ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಎಫ್‌ಟಿ8 ವಿಧಾನದಿಂದಲೇ ಶುರು ಮಾಡುತ್ತೀಯಂತೆ, ರಿಗ್ಗಿಗೂ (ರೇಡಿಯೊ ಸೆಟ್ಟಿಗೂ) ಲ್ಯಾಪ್‌ಟಾಪಿಗೂ ನಡುವಿನ ಇಂಟರ್‌ಫೇಸನ್ನು ನೀನೇ ಬೆಸೆದುಕೊಳ್ಳುತ್ತೀಯಂತೆ. ಮಾಡು. ಆದರೆ ಮೊದಲ ವಾರ ಕೇಳುವುದಷ್ಟೇ ಇರಲಿ, ಟ್ರಾನ್ಸ್‌ಮಿಟ್ ಬೇಡ. ಎಫ್‌ಟಿ8ನ್ನು ಎಷ್ಟು ದೇಶ ಸಿಕ್ಕವೆಂದು ಎಣಿಸುವ ಯಂತ್ರ ಎಂದುಕೊಂಡವರು ಆರು ತಿಂಗಳಲ್ಲಿ ಬೇಸತ್ತು ಕೂರುತ್ತಾರೆ. ಅದು ನಿನ್ನ ಆಂಟೆನಾ, ನಿನ್ನ ಗಡಿಯಾರ, ನಿನ್ನ ಆಡಿಯೊ ಮೂರನ್ನೂ ಅಳೆಯುವ ಮೀಟರು. ಹಾಗೆ ಬಳಸು.

ಹೆಸರಿನಲ್ಲಿರುವ ಎಫ್ ಸ್ಟೀವ್ ಫ್ರಾಂಕ್, ಟಿ ಜೋ ಟೇಲರ್, 8 ಎಂದರೆ ಎಂಟು ಸ್ವರ. ಟೇಲರ್ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಖಗೋಳ ವಿಜ್ಞಾನಿ. ಕ್ಷೀಣ ಸಂಕೇತವನ್ನು ಗದ್ದಲದೊಳಗಿಂದ ಹೆಕ್ಕುವುದೇ ಅವರ ಕಸುಬು. 2017ರಲ್ಲಿ ಬಂದ ಈ ವಿಧಾನದಲ್ಲಿ ಕಾಲವನ್ನು 15 ಸೆಕೆಂಡಿನ ಪಾಳಿಗಳಾಗಿ ಹೋಳು ಮಾಡಿದ್ದಾರೆ. ಒಂದು ಪಾಳಿ ನಿನ್ನದು, ಮುಂದಿನದು ಆಚೆಯವರದು. ಸಂಕೇತದ ಅಗಲ ಬರೀ 50 ಹರ್ಟ್ಸ್. ಪರದೆಯ ಮೇಲೆ ಸಂಕೇತದ ಬಲ ಗದ್ದಲಕ್ಕೆ ಹೋಲಿಸಿ ಮೈನಸ್ 20 ಡಿಬಿ ಎಂದು ಕಂಡರೆ ಪವಾಡವೇನೂ ಅಲ್ಲ. ಗದ್ದಲವನ್ನು 2500 ಹರ್ಟ್ಸ್ ಅಗಲದಲ್ಲಿ ಅಳೆದು ಆ ಲೆಕ್ಕ ಹಾಕುತ್ತಾರೆ. 50 ಹರ್ಟ್ಸಿಗೆ ಇಳಿಸಿದರೆ 17 ಡಿಬಿ ವಾಪಸು ಬರುತ್ತದೆ, ಉಳಿಯುವುದು ಮೈನಸ್ 3.

ಗಡಿಯಾರದಿಂದ ಶುರು ಮಾಡು. ಎಫ್‌ಟಿ8ರ ಸಾಫ್ಟ್‌ವೇರ್ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ಎಡಗಡೆ ಕಿಟಕಿಯಲ್ಲಿ ಡಿಟಿ ಎಂಬ ಕಾಲಂ ಇದೆ, ಆಚೆಯವರ ಸಮಯಕ್ಕೂ ನಿನ್ನ ಸಮಯಕ್ಕೂ ಇರುವ ಅಂತರ, ಸೆಕೆಂಡುಗಳಲ್ಲಿ. ಒಬ್ಬಿಬ್ಬರ ಎದುರು 1.3 ಎಂದಿದ್ದರೆ ಅವರ ಗಡಿಯಾರದ ತಪ್ಪು. ಎಲ್ಲರ ಎದುರೂ 1.3ರ ಆಸುಪಾಸು ಇದ್ದರೆ ತಪ್ಪು ನಿನ್ನದು, ನಿನ್ನ ಗಡಿಯಾರ ಅಷ್ಟು ಮುಂದಿದೆ. ಅಂತರ ಎರಡು-ಎರಡೂವರೆ ಸೆಕೆಂಡು ದಾಟಿದರೆ ವಾಟರ್‌ಫಾಲ್‌ನಲ್ಲಿ (ಸಂಕೇತಗಳು ಹರಿಯುವಂತೆ ತೋರಿಸುವ ಚಿತ್ರದಲ್ಲಿ) ಪಟ್ಟೆಗಳು ದಟ್ಟವಾಗಿ ಕಾಣುತ್ತವೆ, ಡಿಕೋಡ್ ಮಾತ್ರ ಸೊನ್ನೆ. ವಿಂಡೋಸ್ ತನ್ನ ಪಾಡಿಗೆ ಸಮಯ ಸರಿಮಾಡಿಕೊಳ್ಳುವುದನ್ನು ನಂಬಬೇಡ, ಅದಕ್ಕೆ ಅವಸರವೇ ಇಲ್ಲ. ನೆಟ್ಟಿನಿಂದ ಸಮಯ ಸರಿಹೊಂದಿಸುವ ಮೈನ್‌ಬರ್ಗ್ ಎನ್‌ಟಿಪಿ ಹಾಕಿಕೋ; ಲಿನಕ್ಸ್ ಆದರೆ ಕ್ರೋನಿ. ನೆಟ್ ಇಲ್ಲದ ಗುಡ್ಡದ ಮೇಲೆ ಯುಎಸ್‌ಬಿ ಜಿಪಿಎಸ್ ಬೇಕಾಗುತ್ತದೆ. ಇನ್ನೊಂದು: ಲಾಗ್ (ಸಂಪರ್ಕಗಳ ದಾಖಲೆ) ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇರಬೇಕೆಂದು ಲ್ಯಾಪ್‌ಟಾಪಿನ ಗಡಿಯಾರವನ್ನು ಕೈಯಾರೆ ಐದೂವರೆ ಗಂಟೆ ಹಿಂದೆ ತಿರುಗಿಸುವವರಿದ್ದಾರೆ. ಟೈಮ್‌ಝೋನ್ ಭಾರತದ್ದೇ ಇರಲಿ, ಲೆಕ್ಕವನ್ನು ಸಾಫ್ಟ್‌ವೇರೇ ಮಾಡಿಕೊಳ್ಳುತ್ತದೆ.

ಎಫ್‌ಟಿ8 ಸಿಗುವ ಜಾಗ: 40 ಮೀಟರ್ ಬ್ಯಾಂಡಿನಲ್ಲಿ 7.074, 20ರಲ್ಲಿ 14.074, 10ರಲ್ಲಿ 28.074 ಮೆಗಾಹರ್ಟ್ಸ್. 40 ಮೀಟರಿನಲ್ಲಿ ಮಾತಿಗೆ ಎಲ್‌ಎಸ್‌ಬಿ (ಲೋವರ್ ಸೈಡ್‌ಬ್ಯಾಂಡ್) ರೂಢಿ. ಎಫ್‌ಟಿ8ಗೆ ಮಾತ್ರ ಎಲ್ಲ ಬ್ಯಾಂಡಿನಲ್ಲೂ ಯುಎಸ್‌ಬಿ, ಅಂದರೆ ಅಪ್ಪರ್ ಸೈಡ್‌ಬ್ಯಾಂಡ್; ಕಂಪ್ಯೂಟರಿನ ಯುಎಸ್‌ಬಿ ಅಲ್ಲ. ಮರೆತರೆ ಸ್ವರಗಳ ಕ್ರಮ ತಲೆಕೆಳಗಾಗಿ ಒಂದೂ ಡಿಕೋಡ್ ಆಗದು. ಶಿವಮೊಗ್ಗಕ್ಕೆ ಗ್ರಿಡ್ (ಸ್ಥಳ ಗುರುತಿಸುವ ಸಂಕೇತಾಕ್ಷರ) ಎಂಕೆ73.

ಈಗ ಇಂಟರ್‌ಫೇಸು. ಬೇಕಾದ್ದು: ಒಂದು ಯುಎಸ್‌ಬಿ ಸೌಂಡ್ ಕಾರ್ಡ್, 600 ಓಮ್‌ನಿಂದ 600 ಓಮ್‌ಗೆ ಎರಡು ಆಡಿಯೊ ಟ್ರಾನ್ಸ್‌ಫಾರ್ಮರ್, ಒಂದು ಪಿಸಿ817 ಆಪ್ಟೋಕಪ್ಲರ್ (ತಂತಿ ಸೇರಿಸದೆ ಬೆಳಕಿನಿಂದ ಸಂಕೇತ ದಾಟಿಸುವ ಚಿಪ್ಪು), 470 ಓಮ್, 1 ಕೆ, 10 ಕೆ ರೆಸಿಸ್ಟರ್ ಒಂದೊಂದು, 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಒಂದು, ಒಂದು ಯುಎಸ್‌ಬಿ-ಸೀರಿಯಲ್ ಬೋರ್ಡು. ಬೋರ್ಡು ಕೊಳ್ಳುವಾಗ ಟ್ರಾನ್ಸ್‌ಮಿಟ್ ಶುರು ಮಾಡಲು ಕಂಪ್ಯೂಟರ್ ಬಳಸುವ ಆರ್‌ಟಿಎಸ್ ಅಥವಾ ಡಿಟಿಆರ್ ಪಿನ್ ಹೊರಗೆ ತಂದಿದ್ದಾರೆಯೇ ನೋಡು, ಅಗ್ಗದ ಎಷ್ಟೋ ಬೋರ್ಡುಗಳಲ್ಲಿ ಅದು ಇರುವುದಿಲ್ಲ.

ರಿಗ್ಗಿನ ಹಿಂದಿನ ಆರು ಪಿನ್ನಿನ ಡೇಟಾ ಸಾಕೆಟ್ಟಿನಲ್ಲಿ ಸಾಮಾನ್ಯವಾಗಿ 1 ಆಡಿಯೊ ಒಳಗೆ, 2 ಗ್ರೌಂಡ್, 3 ಪಿಟಿಟಿ (ರಿಗ್ಗನ್ನು ಟ್ರಾನ್ಸ್‌ಮಿಟ್‌ಗೆ ತಿರುಗಿಸುವ ಪಿನ್), 5 ಆಡಿಯೊ ಹೊರಗೆ. ನಿನ್ನ ರಿಗ್ಗಿನ ಮ್ಯಾನ್ಯುಯಲ್ ತೆಗೆದು ತಾಳೆ ನೋಡಿಯೇ ಸೋಲ್ಡರಿಂಗ್ ಐರನ್ ಹಿಡಿ. ಹೊರಬರುವ ಆಡಿಯೊ ಒಂದು ಟ್ರಾನ್ಸ್‌ಫಾರ್ಮರ್ ಮೂಲಕ ಸೌಂಡ್ ಕಾರ್ಡಿನ ಮೈಕಿಗೆ ಹೋಗಲಿ. ಮೈಕ್ ಜ್ಯಾಕಿನಲ್ಲಿ ಎರಡು-ಮೂರು ವೋಲ್ಟ್ ಡಿಸಿ ಇರುತ್ತದೆ. ಅದು ವೈಂಡಿಂಗಿನಲ್ಲಿ ಹರಿದರೆ ಪುಟ್ಟ ಕೋರ್ ತುಂಬಿಕೊಂಡು ಆಡಿಯೊ ಕೆಡುತ್ತದೆ. ಕೆಪ್ಯಾಸಿಟರ್ ಹಾಕುವುದು ಅದನ್ನು ತಡೆಯಲು, ಪ್ಲಸ್ ಕಾಲು ಜ್ಯಾಕಿನ ಕಡೆಗೆ. ಕಾರ್ಡಿನ ಸ್ಪೀಕರ್ ಔಟ್‌ನಿಂದ ಇನ್ನೊಂದು ಟ್ರಾನ್ಸ್‌ಫಾರ್ಮರ್ ಮೂಲಕ ಬರುವುದು ರಿಗ್ಗಿನ ಡೇಟಾ ಇನ್‌ಗೆ ವಿಪರೀತ ಜಾಸ್ತಿ. 10 ಕೆ ಸರಣಿಯಲ್ಲಿ, 1 ಕೆ ಅಡ್ಡಲಾಗಿ ಹಾಕಿದರೆ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಆಪ್ಟೋಕಪ್ಲರಿನಲ್ಲೇ ಹೆಚ್ಚು ಜನ ಎಡವುವುದು. ಇಂಥ (ಟಿಟಿಎಲ್) ಸೀರಿಯಲ್ ಬೋರ್ಡಿನಲ್ಲಿ ಆರ್‌ಟಿಎಸ್ ವೋಲ್ಟೇಜು ಸುಮ್ಮನಿರುವಾಗ ಮೇಲೆ, ಕರೆದಾಗ ಕೆಳಗೆ. ಆದ್ದರಿಂದ 1ನೇ ಕಾಲು 470 ಓಮ್ ಮೂಲಕ ಬೋರ್ಡಿನ ವಿಸಿಸಿಗೆ (ಪವರ್ ಪಿನ್ನಿಗೆ), 2ನೇ ಕಾಲು ಆರ್‌ಟಿಎಸ್‌ಗೆ. 4ನೇ ಕಾಲು ಪಿಟಿಟಿಗೆ, 3ನೇ ಕಾಲು ರಿಗ್ಗಿನ ಗ್ರೌಂಡಿಗೆ. ಬೋರ್ಡಿನ ಲಾಜಿಕ್ 3.3 ವೋಲ್ಟಿನಲ್ಲಿದ್ದರೆ ವಿಸಿಸಿಯೂ 3.3 ಆಗಿರಲಿ. 5 ವೋಲ್ಟ್ ಕೊಟ್ಟರೆ ಸುಮ್ಮನಿದ್ದಾಗಲೂ 1.7 ವೋಲ್ಟ್ ಉಳಿದು ಒಳಗಿನ ಎಲ್‌ಇಡಿ ಮಿಣುಕುತ್ತದೆ, ರಿಗ್ ಪಿಟಿಟಿ ಬಿಡುವುದೇ ಇಲ್ಲ. ಕೆಲವು ಪ್ರೋಗ್ರಾಮುಗಳು ಪೋರ್ಟ್ ತೆರೆದ ಕೂಡಲೇ ಆರ್‌ಟಿಎಸ್ ಎಳೆಯುತ್ತವೆ. ಅದಕ್ಕೇ ಮೊದಲ ಪರೀಕ್ಷೆ ಡಮ್ಮಿ ಲೋಡಿನ ಮೇಲೆ (ಆಂಟೆನಾ ಬದಲು ಹಾಕುವ, ಪವರ್ ನುಂಗುವ ರೆಸಿಸ್ಟರ್).

ಟ್ರಾನ್ಸ್‌ಫಾರ್ಮರ್, ಆಪ್ಟೋ ಎಲ್ಲ ಹಾಕಿ, ಕೊನೆಗೆ ಎಲ್ಲವನ್ನೂ ತಗಡಿನ ಡಬ್ಬಿಯಲ್ಲಿ ಕೂರಿಸಿ, ಎರಡೂ ಕಡೆಯ ಜ್ಯಾಕಿನ ಹೊರಕವಚ ಡಬ್ಬಿಗೆ ತಾಗಿಸಿದರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ರಿಗ್ಗಿನ ಗ್ರೌಂಡ್, ಕಂಪ್ಯೂಟರಿನ ಗ್ರೌಂಡ್ ಎರಡೂ ಸೇರಬಾರದು. ಪ್ಲಾಸ್ಟಿಕ್ ಡಬ್ಬಿ ಸಾಕು. ಮುಚ್ಚುವ ಮೊದಲು ಮಲ್ಟಿಮೀಟರ್ ಹಿಡಿದು ಎರಡರ ನಡುವೆ ಕಂಟಿನ್ಯುಟಿ ಇಲ್ಲವೆಂದು ನೋಡಿಕೋ. ಕಂಪ್ಯೂಟರಿನಿಂದ ರಿಗ್ಗನ್ನು ನಿಯಂತ್ರಿಸುವ ಕ್ಯಾಟ್ ಕೇಬಲ್ಲನ್ನು ಜೊತೆಗೆ ಸಿಕ್ಕಿಸಿದರೆ ಗ್ರೌಂಡ್ ಆ ದಾರಿಯಲ್ಲಿ ಸೇರಿಕೊಳ್ಳುತ್ತದೆ, ಸದ್ಯಕ್ಕೆ ಅದು ಬೇಡ.

ಕ್ಯಾಟ್ ಇಲ್ಲದಿದ್ದರೆ ರಿಗ್ ಯಾವ ಬ್ಯಾಂಡಿನಲ್ಲಿದೆ ಎಂದು ಸಾಫ್ಟ್‌ವೇರಿಗೆ ತಿಳಿಯದು. ರಿಗ್ಗಿನಲ್ಲಿ ಬ್ಯಾಂಡ್ ಬದಲಿಸಿದಾಗಲೆಲ್ಲ ಪರದೆಯಲ್ಲೂ ಬದಲಿಸು. ಇಲ್ಲವಾದರೆ ಯಾರು ಯಾರನ್ನು ಕೇಳಿದರೆಂದು ಒಟ್ಟುಮಾಡುವ ಪಿಎಸ್‌ಕೆ ರಿಪೋರ್ಟರ್ ಜಾಲತಾಣಕ್ಕೆ ನೀನು ಸುಳ್ಳು ವರದಿ ಕಳಿಸುತ್ತಿರುತ್ತೀಯ, ಲಾಗೂ ಸುಳ್ಳಾಗುತ್ತದೆ. ಟ್ರಾನ್ಸ್‌ಮಿಟ್ ಸ್ವರವನ್ನು 1500ರಿಂದ 2000 ಹರ್ಟ್ಸ್ ನಡುವೆ ಇಟ್ಟು ಹೋಲ್ಡ್ ಟಿಎಕ್ಸ್ ಫ್ರೀಕ್ವೆನ್ಸಿಗೆ ಗುರುತು ಹಾಕು. ಕಾರಣ ಇಷ್ಟೆ: 500 ಹರ್ಟ್ಸಿನ ಸ್ವರ ಸ್ವಲ್ಪ ಕೆಟ್ಟರೂ ಅದರ ಮರಿಗಳು (ಹಾರ್ಮೋನಿಕ್‌ಗಳು, ಎರಡರಷ್ಟು ಮೂರರಷ್ಟು ಸ್ವರಗಳು) 1000, 1500ರಲ್ಲಿ ಎದ್ದು ಫಿಲ್ಟರಿನೊಳಗಿಂದಲೇ ಹೊರಬಿದ್ದು ಪಕ್ಕದವರ ತಲೆ ತಿನ್ನುತ್ತವೆ. 1500ರ ಮರಿ 3000ದಲ್ಲಿ, ಫಿಲ್ಟರ್ ಅದನ್ನು ಬಹುಪಾಲು ಕತ್ತರಿಸುತ್ತದೆ.

ಲೆವೆಲ್ ವಿಷಯ. ಕೇಳುವಾಗ ಎಡಗಡೆಯ ಹಸಿರು ಪಟ್ಟಿ ಬರೀ ಗದ್ದಲಕ್ಕೆ 30 ಡಿಬಿ ಸುಮಾರಿಗೆ ನಿಲ್ಲಲಿ. ವಿಂಡೋಸಿನ ಆಡಿಯೊ ಎನ್‌ಹಾನ್ಸ್‌ಮೆಂಟ್, ಮೈಕಿನ ಎಜಿಸಿ (ತಾನೇ ಸದ್ದು ಏರಿಳಿಸುವುದು) ಎರಡನ್ನೂ ತೆಗೆ. ಈ ಕಾರ್ಡನ್ನು ಡಿಫಾಲ್ಟ್ ಸ್ಪೀಕರ್ ಮಾಡಬೇಡ, ಮಾಡಿದರೆ ನಿನ್ನ ಮೇಲ್ ಬಂದ ಟಿಂಗ್ ಸದ್ದು ಗಾಳಿಗೇರುತ್ತದೆ. ಕಳಿಸುವಾಗ ರಿಗ್ಗಿನ ಸ್ಪೀಚ್ ಪ್ರೊಸೆಸರ್ ಆಫ್. ಡಮ್ಮಿ ಲೋಡ್ ಹಾಕಿ, ಟ್ಯೂನ್ ಒತ್ತಿ, ಪವರ್ ಸ್ಲೈಡರನ್ನು ಕೆಳಗಿನಿಂದ ನಿಧಾನ ಏರಿಸು; 25 ವಾಟ್ ಬಂದಾಗ ಎಎಲ್‌ಸಿ ಮುಳ್ಳು (ಆಡಿಯೊ ಹೆಚ್ಚಾದರೆ ತೋರಿಸುವ ಮೀಟರು) ಅಲುಗಿರಬಾರದು. 15ರಲ್ಲಿ 12.64 ಸೆಕೆಂಡು ಪೂರ್ತಿ ಪವರಿನಲ್ಲಿ ಹೋಗುತ್ತದೆ, ಮಾತಿನ ಹಾಗೆ ನಡುನಡುವೆ ಬಿಡುವಿಲ್ಲ. 100 ವಾಟಿನ ರಿಗ್ಗನ್ನು ಅಷ್ಟಕ್ಕೆ ದುಡಿಸಿದರೆ ಫೈನಲ್‌ಗಳು (ಪವರ್ ಕೊಡುವ ಕೊನೆಯ ಟ್ರಾನ್ಸಿಸ್ಟರ್‌ಗಳು) ಕಾದು ಕಾದು ಹೋಗುತ್ತವೆ. 25ರಿಂದ 100ಕ್ಕೆ ಏರಿಸಿದರೆ ಸಿಗುವುದು 6 ಡಿಬಿ, ಮೈನಸ್ 10 ಇದ್ದದ್ದು ಮೈನಸ್ 4 ಆಗುತ್ತದೆ ಅಷ್ಟೆ.

ಟ್ರಾನ್ಸ್‌ಮಿಟ್ ಆದಾಗ ಸೌಂಡ್ ಕಾರ್ಡ್ ಕಳಚಿಹೋದರೆ, ಮೌಸ್ ನಿಂತರೆ ಸಾಫ್ಟ್‌ವೇರನ್ನು ಬೈಯಬೇಡ. ಕೋಆಕ್ಸಿನ (ಆಂಟೆನಾ ಕೇಬಲ್ಲಿನ) ಹೊರಮೈ ಮೇಲೆ ಆರ್‌ಎಫ್ (ರೇಡಿಯೊ ವಿದ್ಯುತ್ತು) ವಾಪಸು ಬರುತ್ತಿದೆ. ಡೈಪೋಲಿನ (ಎರಡು ತೋಳಿನ ತಂತಿ ಆಂಟೆನಾದ) ಮಧ್ಯದಲ್ಲಿ, ಎಫ್‌ಟಿ240-43 ಎಂಬ ಫೆರೈಟ್ ರಿಂಗಿನ ಮೇಲೆ ಕೋಆಕ್ಸನ್ನು ಹತ್ತು-ಹನ್ನೆರಡು ಸುತ್ತು ಸುತ್ತು. 40 ಮೀಟರಿನ ಡೈಪೋಲಿಗೆ 143ನ್ನು 7.074ರಿಂದ ಭಾಗಿಸಿದರೆ 20.2 ಮೀಟರ್, ಒಂದು ತೋಳಿಗೆ 10.1. ಹತ್ತೂವರೆ ಕತ್ತರಿಸಿಕೊಂಡು ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದಿದೆ ಎಂಬ ಅಳತೆ) ನೋಡುತ್ತ ಕಮ್ಮಿ ಮಾಡು. ಮುಂಗಾರಿಗೆ ಮುಂಚಿನ ಸಿಡಿಲಿನ ದಿನಗಳಲ್ಲಿ ಕೋಆಕ್ಸ್ ರಿಗ್ಗಿನಿಂದ ಬಿಚ್ಚಿ ಮನೆಯ ಹೊರಗೇ ಇಡು.

ಮೊದಲ ಸಿಕ್ಯು (ಯಾರಾದರೂ ಉತ್ತರಿಸಿ ಎಂಬ ಕರೆ) ಕೂಗುವ ದಿನ ಲೈಸೆನ್ಸ್ ತೆಗೆದು ನಿನ್ನ ದರ್ಜೆಗೆ ಯಾವ ಬ್ಯಾಂಡು, ಎಷ್ಟು ಪವರು, ಯಾವ ಎಮಿಷನ್ (ಪ್ರಸಾರದ ಬಗೆ) ಎಂದು ಒಮ್ಮೆ ಓದು. ಎರಡು ಆಂಟೆನಾ ಹೋಲಿಸಬೇಕೆನಿಸಿದರೆ ಒಂದು ವರದಿಯ ಮೇಲೆ ತೀರ್ಪು ಕೊಡಬೇಡ. ಫೇಡಿಂಗಿನಲ್ಲಿ 10 ಡಿಬಿ ಬಂದುಹೋಗುತ್ತದೆ. ಅದೇ ನಿಲ್ದಾಣಗಳ ಹತ್ತಿಪ್ಪತ್ತು ವರದಿ ಬರೆದುಕೊಂಡು ಸರಾಸರಿ ತೆಗೆ.

600 ಓಮಿನ ಟ್ರಾನ್ಸ್‌ಫಾರ್ಮರ್ ಎರಡು ನನ್ನ ಡಬ್ಬಿಯಲ್ಲಿವೆ, ಕಳಿಸುತ್ತೇನೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಅದಕ್ಕಾಗಿ ಅಲೆಯಬೇಡ. ವಾರ ಪೂರ್ತಿ ಕೇಳಿದ ಮೇಲೆ ಡಿಟಿ ಕಾಲಮಿನ ಒಂದು ಫೋಟೊ ಕಳಿಸು.

73 (ಹ್ಯಾಮ್ ಭಾಷೆಯಲ್ಲಿ ಶುಭಾಶಯ),
ನಿನ್ನ ಮಾವ