ಜೂನ್‌ನಲ್ಲಿ ಬೋಟ್ ಬಂದ್ ಇರುತ್ತೆ ಅಂತ ನಮಗೆ ಯಾರೂ ಹೇಳಲಿಲ್ಲ

ಸಂಪಾದಕರೇ, ನಮಸ್ಕಾರ.

ಕಲಬುರಗಿಯವನು ಸಮುದ್ರದ ಬಗ್ಗೆ ಯಾಕೆ ಪತ್ರ ಬರೀತಾನೆ ಅಂತ ನಿಮಗೆ ಅನಿಸಬಹುದು. ನಮ್ಮಿಂದ ಕಾರವಾರ ಐನೂರು ಕಿ.ಮೀ.ಗೂ ದೂರ. ಆದರೆ ರಜೆ ಬಂತೆಂದರೆ ನಮ್ಮ ಕಡೆಯ ಎಷ್ಟು ಕುಟುಂಬಗಳು ಗೋಕರ್ಣ, ಮುರುಡೇಶ್ವರ, ಮಲ್ಪೆ ಅಂತ ಗಾಡಿ ಮಾಡಿಕೊಂಡು ಹೊರಡುತ್ತವೆ ಅನ್ನೋದನ್ನು ನೀವೂ ನೋಡಿರುತ್ತೀರಿ. ಈಗ ಅದರ ಜೊತೆಗೆ ಹೊಸದೊಂದು ಶುರುವಾಗಿದೆ. ‘ಪ್ರೈವೇಟ್ ಡೀಪ್ ಸೀ ಫಿಶಿಂಗ್’ ಅಂತ ಮೊಬೈಲ್‌ನಲ್ಲಿ ಜಾಹೀರಾತು ಬರುತ್ತೆ. ನಿಮ್ಮ ಕುಟುಂಬಕ್ಕೇ ಒಂದು ಬೋಟ್, ಗಾಳ ಅವರದೇ, ಹಿಡಿದ ಮೀನು ನಿಮ್ಮದೇ. ನಾವೂ ಅದನ್ನು ನೋಡಿಯೇ ಬುಕ್ ಮಾಡಿದ್ದು. ಆಗಿದ್ದನ್ನು ಆದ ಹಾಗೇ ಬರೆಯುತ್ತೇನೆ, ದಯವಿಟ್ಟು ಪ್ರಕಟಿಸಿ.

ನಮ್ಮದು ಮೂಲ ಜೇವರ್ಗಿ ತಾಲ್ಲೂಕು, ಭೀಮಾ ದಂಡೆಯ ಹಳ್ಳಿ. ನಮ್ಮ ತಂದೆಗೆ ಈಗ 71 ವರ್ಷ. ಹೊಲದ ಕೆಲಸ ಮುಗಿದ ಮೇಲೆ ಸಂಜೆ ಹೊಳೆಗೆ ಗಾಳ ಹಾಕಿ ಕೂರೋದು ಅವರಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು, ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಮೀನು ಮುಟ್ಟಿತೋ, ಬರೀ ನೀರಿನ ಸೆಳೆತವೋ ಅಂತ ಬೆರಳಿಗೇ ಗೊತ್ತಾಗುತ್ತೆ ಅನ್ನುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ಆಸೆ. ‘ಒಮ್ಮೆ ಸಮುದ್ರದಾಗ ಗಾಳ ಹಾಕಿ ನೋಡಬೇಕಪಾ’ ಅಂತ ವರ್ಷಕ್ಕೆ ನಾಲ್ಕು ಸಲ ಹೇಳೋರು.

ಪುಣೆಯಲ್ಲಿರುವ ನನ್ನ ತಮ್ಮನಿಗೆ ರಜೆ ಸಿಕ್ಕಿದ್ದು ಜೂನ್ ಮೊದಲ ವಾರ. ಸರಿ, ಅಪ್ಪನನ್ನು ಆಗಲೇ ಕರೆದುಕೊಂಡು ಹೋಗೋಣ ಅಂತ ಮೇ ತಿಂಗಳಲ್ಲೇ ಒಂದು ಟ್ರಾವೆಲ್ ಏಜೆನ್ಸಿಗೆ ಫೋನ್ ಮಾಡಿದೆ. ಜೂನ್ 4, ಬೆಳಿಗ್ಗೆ ಐದೂವರೆಗೆ ಬೋಟ್, ನಾಲ್ಕು ತಾಸು, ಆರು ಜನಕ್ಕೆ 18 ಸಾವಿರ. ಅರ್ಧ ದುಡ್ಡು ಅಡ್ವಾನ್ಸ್. ಆ ಕಡೆಯವನು ಒಂದು ಸಲವೂ ತಡವರಿಸಲಿಲ್ಲ. ನಾನು ಅಂದೇ 9 ಸಾವಿರ ಕಳಿಸಿದೆ.

ಬೇಸಿಗೆಯಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ಶುರು. ಮೇ ಕೊನೆಯ ವಾರ, ಒಂದು ದಿನ ಕಚೇರಿ ಮುಗಿಸಿ ಚಹಾ ಕುಡಿಯುವಾಗ ಈ ಪ್ರವಾಸದ ಮಾತು ಬಂತು. ನಮ್ಮ ಸಹೋದ್ಯೋಗಿಯೊಬ್ಬರು ಹೊನ್ನಾವರದ ಕಡೆಯವರು. ಅವರು ಲೋಟ ಕೆಳಗಿಟ್ಟು, ‘ಜೂನ್ ನಾಲ್ಕಾ? ಒಂದನೇ ತಾರೀಖಿಂದ ಬೋಟೆಲ್ಲ ಬಂದಲ್ರಾ!’ ಅಂದರು.

ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಪಶ್ಚಿಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಹೋಗುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ. ಜೊತೆಗೆ ಮುಂಗಾರಿನ ಗಾಳಿ, ಅಲೆ. ಸಣ್ಣ ನಾಡದೋಣಿಗಳಿಗೆ ವಿನಾಯಿತಿ ಇದೆ ನಿಜ, ಆದರೆ ಅದು ಮೀನುಗಾರರ ಹೊಟ್ಟೆಪಾಡಿಗೆ, ನಮ್ಮಂಥ ಪ್ರವಾಸಿಗರ ಮೋಜಿಗಲ್ಲ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಪ್ರವಾಸಿ ಬೋಟುಗಳನ್ನೂ ಮಳೆಗಾಲದಲ್ಲಿ ನಿಲ್ಲಿಸುತ್ತಾರಂತೆ. ಕರಾವಳಿಯಲ್ಲಿ ಇದು ಶಾಲೆಗೆ ಹೋಗುವ ಮಗುವಿಗೂ ಗೊತ್ತಿರುವ ವಿಷಯ. ನನಗೆ 44 ವರ್ಷ, ಡಿಗ್ರಿ ಓದಿದ್ದೇನೆ, ದಿನಾ ಪೇಪರ್ ಓದುತ್ತೇನೆ. ನನಗೆ ಗೊತ್ತಿರಲಿಲ್ಲ.

ಏಜೆನ್ಸಿಗೆ ಫೋನ್ ಮಾಡಿ ಕೇಳಿದರೆ, ‘ಅಡ್ಜಸ್ಟ್ ಮಾಡ್ತೀವಿ ಸರ್, ಬೇರೆ ಚಿಕ್ಕ ಬೋಟ್ ಕೊಡ್ತೀವಿ’ ಅಂದರು. ಜೂನ್ ತಿಂಗಳ ಸಮುದ್ರಕ್ಕೆ, 71 ವರ್ಷದ ಮನುಷ್ಯನನ್ನು, ಚಿಕ್ಕ ಬೋಟಿನಲ್ಲಿ! ನನಗೆ ಕೈ ನಡುಗುವಷ್ಟು ಸಿಟ್ಟು ಬಂತು. ಬೇಡ, ದುಡ್ಡು ವಾಪಸ್ ಕೊಡಿ ಅಂದೆ. ಅಡ್ವಾನ್ಸ್ ವಾಪಸ್ ಇಲ್ಲ ಅಂತ ವಾಟ್ಸ್‌ಆ್ಯಪ್‌ನಲ್ಲಿ ಮೊದಲೇ ಹಾಕಿದ್ದೀವಲ್ಲ ಅಂದರು. ಹಾಕಿದ್ದು ನಿಜ, ಉದ್ದದ ಮೆಸೇಜಿನ ಕೊನೆಯ ಸಾಲಿನಲ್ಲಿ. ಆದರೆ ಬೋಟ್ ಹೋಗಲಾರದ ದಿನಕ್ಕೆ ಬೋಟ್ ಮಾರಿದ್ದು ಅವರ ತಪ್ಪು ಅಲ್ವಾ?

ಇಲ್ಲಿ ಓದುಗರಿಗೆ ಒಂದು ಮಾತು. ಇಂಥದ್ದು ಆದರೆ ಸುಮ್ನೆ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರು ಕೊಡುವವರು ತಾವು ವಾಸ ಇರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಕೇಸು ಹಾಕಬಹುದು. ಏಜೆನ್ಸಿ ಎಲ್ಲೇ ಇರಲಿ, ನಾವು ಕರಾವಳಿಗೋ ಬೆಂಗಳೂರಿಗೋ ಓಡಾಡಬೇಕಾಗಿಲ್ಲ, ಕಲಬುರಗಿಯಲ್ಲೇ ಆಗುತ್ತೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಎರಡು ವರ್ಷದ ಒಳಗೆ ಹಾಕಬೇಕು ಅಷ್ಟೇ. ನಾನು 1915ಕ್ಕೆ ದೂರು ಕೊಟ್ಟೆ, ಪಾವತಿಯ ಸ್ಕ್ರೀನ್‌ಶಾಟ್, ತಾರೀಖು ಬರೆದ ಮೆಸೇಜ್ ಎಲ್ಲ ಇಟ್ಟುಕೊಂಡಿದ್ದೆ. ಸ್ವಲ್ಪ ದಿನಕ್ಕೆ 6 ಸಾವಿರ ವಾಪಸ್ ಬಂತು. ಉಳಿದದ್ದಕ್ಕೆ ಬಡಿದಾಡುವ ತಾಳ್ಮೆ ಆಗ ನನಗಿರಲಿಲ್ಲ. ಬಡಿದಾಡಬೇಕಿತ್ತು ಅಂತ ಈಗ ಅನಿಸುತ್ತೆ.

ಅಪ್ಪ ಏನೂ ಅನ್ನಲಿಲ್ಲ. ಚೀಲ ಕಟ್ಟಿಟ್ಟಿದ್ದರು, ಬಿಚ್ಚಿ ಬಟ್ಟೆ ಮಡಚಿಟ್ಟರು. ಅದನ್ನು ನೋಡೋದು ದುಡ್ಡು ಹೋಗಿದ್ದಕ್ಕಿಂತ ಕಷ್ಟ ಆಯಿತು.

ಹಾಗಂತ ಬಿಡಲಿಲ್ಲ. ಜನವರಿಯಲ್ಲಿ ಮತ್ತೆ ಹೋದೆವು, ಈ ಸಲ ಹೊನ್ನಾವರಕ್ಕೆ. ಮಳೆಗಾಲ ಮುಗಿದ ಮೇಲೆ ಫೆಬ್ರುವರಿ, ಮಾರ್ಚ್‌ವರೆಗೆ ಸಮುದ್ರ ಶಾಂತವಾಗಿರುತ್ತೆ, ಬೆಳಿಗ್ಗೆ ಬೇಗ ಹೋಗಿ ಮಧ್ಯಾಹ್ನದ ಗಾಳಿ ಏಳುವ ಮೊದಲೇ ಬಂದುಬಿಡಬೇಕು ಅಂತ ಸಹೋದ್ಯೋಗಿ ಹೇಳಿದ್ದರು. ಅಲ್ಲಿ ಲಾಡ್ಜಿನ ಹತ್ತಿರ ಸಿಕ್ಕ ಒಬ್ಬರು ಕಡಿಮೆಗೆ ಬೋಟ್ ಕೊಡ್ತೀನಿ ಅಂತ ಕರೆದುಕೊಂಡು ಹೋದರು. ನಾವು ಆರು ಜನ, ಲೈಫ್ ಜಾಕೆಟ್ ನಾಲ್ಕು. ಅದರಲ್ಲಿ ಒಂದರ ಬಕಲ್ ಮುರಿದು ಹಗ್ಗ ಕಟ್ಟಿದ್ದರು. ಅದು ಮೀನು ಹಿಡಿಯುವ ಬೋಟ್. ಮೀನುಗಾರಿಕೆಗೆ ಕೊಟ್ಟ ಲೈಸೆನ್ಸ್ ಮೀನು ಹಿಡಿಯೋಕೆ ಮಾತ್ರ, ಪ್ರವಾಸಿಗರನ್ನು ಕೂರಿಸಿಕೊಂಡು ಹೋಗಲು ಬೇರೆ ಅನುಮತಿ ಬೇಕು. ಅದನ್ನು ಕೇಳಿದ್ದಕ್ಕೆ ಆ ಮನುಷ್ಯ ಮಾತು ಬದಲಿಸಿದರು. ವಾಪಸ್ ಬಂದೆವು.

ನನಗೆ ಆಗ ನೆನಪಾಗಿದ್ದು 2019ರ ಜನವರಿ 21. ಕಾರವಾರದ ಹತ್ತಿರ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ಬೋಟ್ ಮಗುಚಿ ಹತ್ತಕ್ಕೂ ಹೆಚ್ಚು ಜನ ತೀರಿಹೋದರು. ಅವರಲ್ಲಿ ಹಾವೇರಿ ಕಡೆಯ ಒಂದೇ ಕುಟುಂಬದವರೇ ಹಲವರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಮುಳುಗಿದ ನಾಲ್ವರು ವಿದ್ಯಾರ್ಥಿನಿಯರು ಕೋಲಾರ ಜಿಲ್ಲೆಯವರು. ಹಾವೇರಿ, ಕೋಲಾರ, ನಾಳೆ ಕಲಬುರಗಿಯೂ ಆಗಬಹುದು. ಸಮುದ್ರ ಇಲ್ಲದ ಊರುಗಳವರು ನಾವು. ಕಡಲ ತೀರದಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡದೆ ಗೊತ್ತಿರುವ ವಿಷಯಗಳು ನಮಗೆ ಯಾರಾದರೂ ಹೇಳದಿದ್ದರೆ ಗೊತ್ತಾಗೋದಿಲ್ಲ.

ಕೊನೆಗೆ ಸಹೋದ್ಯೋಗಿಯ ಸಂಬಂಧಿಕರು ಅನುಮತಿ ಇರುವ ಒಂದು ಪ್ರವಾಸಿ ಬೋಟ್ ಗೊತ್ತುಮಾಡಿ ಕೊಟ್ಟರು. ಬೋಟಿನವರು ಹತ್ತುವ ಮೊದಲೇ ಕಾಗದ ತೋರಿಸಿದರು, ಆರೂ ಜನಕ್ಕೆ ಜಾಕೆಟ್ ತಾವೇ ಹಾಕಿ, ಬಕಲ್ ಎಳೆದು ನೋಡಿದರು. ಆದರೆ ಹೊರಡಲಿಲ್ಲ. ಶರಾವತಿ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಅನ್ನುತ್ತಾರೆ. ಅಲ್ಲಿ ಮರಳು ಕೂತಿರುತ್ತೆ, ನೀರು ಇಳಿದಾಗ ಬೋಟ್ ದಾಟಿಸೋದು ಅಪಾಯ. ಭರತ ಬರಲಿ, ಅಂದರೆ ಸಮುದ್ರದ ನೀರು ಏರಲಿ ಅಂತ ಮುಕ್ಕಾಲು ಗಂಟೆ ಕಾಯಿಸಿದರು. ನಮ್ಮ ಹುಡುಗರು ಗಡಿಬಿಡಿ ಮಾಡಿದರೆ, ‘ಲೇಟಾದ್ರೆ ಅಡ್ಡಿಲ್ಲ’ ಅಂತ ಹೇಳಿ ಸುಮ್ಮನೆ ನೀರು ನೋಡುತ್ತಾ ಕೂತರು. ಅಷ್ಟು ಹೊತ್ತಿಗೆ ನನಗೆ ಆ ಮನುಷ್ಯನ ಮೇಲೆ ಪೂರ್ತಿ ನಂಬಿಕೆ ಬಂತು.

‘ಡೀಪ್ ಸೀ’ ಅನ್ನೋ ಮಾತಿನ ಬಗ್ಗೆಯೂ ಒಂದು ವಿಷಯ ಹೇಳಬೇಕು. ನಿಜವಾದ ಆಳಸಮುದ್ರ ಮೀನುಗಾರಿಕೆ ಅಂದರೆ ಡೀಸೆಲ್, ಐಸ್, ಅಕ್ಕಿ ಎಲ್ಲ ತುಂಬಿಕೊಂಡು ವಾರಗಟ್ಟಲೆ ಹೋಗುವ ದುಡಿಮೆ. ದೇಶದ ಪ್ರಾದೇಶಿಕ ಸಮುದ್ರ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ. ಅದರಾಚೆಗೂ ಅವರು ಹೋಗುತ್ತಾರೆ. ಎಷ್ಟು ಜೀವದ ಮೇಲಿನ ಕೆಲಸ ಅದು ಅಂದರೆ, 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟ್ ಏಳು ಜನ ಮೀನುಗಾರರ ಸಮೇತ ಕಾಣೆಯಾಯಿತು. ಮುಂದಿನ ಮೇ ತಿಂಗಳಲ್ಲಿ ಸಿಕ್ಕಿದ್ದು ಸಮುದ್ರದ ತಳದಲ್ಲಿ ಬೋಟಿನ ಅವಶೇಷ. ಪ್ರವಾಸಿಗರಿಗೆ ನಾಲ್ಕು ತಾಸಿಗೆ ಮಾರುವುದು ದಡದ ಗುಡ್ಡಗಳು ಕಾಣುವಷ್ಟು ದೂರದ ಪ್ರಯಾಣ. ನಮಗೆ ಅಷ್ಟು ಬೇಕಾದಷ್ಟಾಯಿತು. ಆದರೆ ಬುಕ್ ಮಾಡುವವರು ಎಷ್ಟು ದೂರ, ಎಷ್ಟು ಹೊತ್ತು, ಹವಾಮಾನ ಕೆಟ್ಟರೆ ದುಡ್ಡು ಏನಾಗುತ್ತೆ ಅಂತ ಮೊದಲೇ ಬರೆಸಿಕೊಳ್ಳಿ.

ಅಲೆ ಜಾಸ್ತಿ ಏನಿರಲಿಲ್ಲ. ಆದರೂ ಎಂಜಿನ್ ನಿಲ್ಲಿಸಿ ಗಾಳ ಬಿಟ್ಟ ಮೇಲೆ ಬೋಟ್ ಓಲಾಡುತ್ತಲ್ಲ, ಅಷ್ಟಕ್ಕೇ ತಮ್ಮನಿಗೂ ನನಗೂ ವಾಂತಿ ಶುರುವಾಯಿತು. ಬೋಟಿನ ನಡುವೆ ಕೂತು ದೂರದ ದಡವನ್ನೇ ನೋಡಿ ಅಂದರು, ಸ್ವಲ್ಪ ತಡೆಯಿತು. ಅಪ್ಪನಿಗೆ ಏನೂ ಆಗಲಿಲ್ಲ. ಕೊಟ್ಟ ರಾಡ್ ಬೇಡ ಅಂದು, ಸೀಸದ ಗುಂಡು ಕಟ್ಟಿದ ಬರೀ ನೈಲಾನ್ ದಾರ ಇಸಿದುಕೊಂಡರು. ತಾರ್ಲೆ ಮೀನಿನ ತುಂಡು ಸಿಕ್ಕಿಸಿ ಕೆಳಗೆ ಬಿಟ್ಟು, ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕಣ್ಣು ಮುಚ್ಚಿದರು, ಥೇಟ್ ಭೀಮಾ ದಂಡೆಯಲ್ಲಿ ಕೂತ ಹಾಗೇ. ಬೋಟಿನವರು ಅದನ್ನು ನೋಡಿ ನನ್ನ ಕಡೆ ತಿರುಗಿ, ‘ಇವ್ರಿಗೆ ಹೇಳ್ಕೊಡೂದು ಬ್ಯಾಡ’ ಅಂದರು. ಸ್ವಲ್ಪ ಹೊತ್ತಿಗೆ ಬೆರಳು ಚೂರು ಅಲ್ಲಾಡಿತು. ಅಪ್ಪ ಎಳೆಯಲಿಲ್ಲ, ಕಾದರು. ಎರಡನೇ ಸಲ ಅಲ್ಲಾಡಿದಾಗ ಎಳೆದರು. ಗೇಣುದ್ದದ ರಾಣಿ ಮೀನು, ಮೈಯೆಲ್ಲ ಗುಲಾಬಿ ಬಣ್ಣ. ಅಪ್ಪನ ಬೆರಳಿನ ಮೇಲೆ ದಾರ ಉಜ್ಜಿ ಕೆಂಪು ಗೆರೆ ಮೂಡಿತ್ತು, ಊರಿಗೆ ಬಂದ ಮೇಲೂ ಅದನ್ನು ಎಲ್ಲರಿಗೂ ತೋರಿಸಿದರು. ಒಟ್ಟು ಸಿಕ್ಕಿದ್ದು ಐದು ಮೀನು. ದಡಕ್ಕೆ ಬಂದು ಅವರ ಮನೆಯಲ್ಲೇ ಹುರಿಸಿಕೊಂಡು, ನಾವು ಕಟ್ಟಿಕೊಂಡು ಹೋಗಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಜೊತೆ ತಿಂದೆವು. ಬೋಟಿನವರ ಮಕ್ಕಳು ಮೀನು ಬಿಟ್ಟು ರೊಟ್ಟಿಗೇ ಮುಗಿಬಿದ್ದವು.

ಇಂಥ ದಿನ ನಮ್ಮ ಕಡೆಯ ಎಲ್ಲರಿಗೂ ಸಿಗಬೇಕು ಅನ್ನೋದೇ ನನ್ನ ಆಸೆ. ಅದಕ್ಕೇ ಈ ಪತ್ರ. ಪ್ರವಾಸಿಗರನ್ನು ಕರೆದೊಯ್ಯಲು ಅನುಮತಿ ಇರುವ ಬೋಟುಗಳ ಪಟ್ಟಿಯನ್ನು ಪ್ರವಾಸೋದ್ಯಮ ಇಲಾಖೆ ಕನ್ನಡದಲ್ಲಿ, ಫೋನ್ ನಂಬರ್ ಸಮೇತ, ಎಲ್ಲ ಜಿಲ್ಲೆಯವರಿಗೂ ಕಾಣುವ ಹಾಗೆ ಹಾಕಬೇಕು. ಕರಾವಳಿಯ ಮೂರು ಜಿಲ್ಲೆಗಳಲ್ಲಿ ಹಾಕಿದರೆ ಸಾಲದು, ಕಲಬುರಗಿ, ಬೀದರ್, ಯಾದಗಿರಿಯಲ್ಲೂ ಹಾಕಬೇಕು. ಬುಕಿಂಗ್ ತೆಗೆದುಕೊಳ್ಳುವ ಏಜೆನ್ಸಿಗಳು ನಿಷೇಧದ ತಾರೀಖನ್ನು ಬೆಲೆಯ ಪಕ್ಕದಲ್ಲೇ ದೊಡ್ಡದಾಗಿ ಬರೆಯಬೇಕು ಅಂತ ಕಡ್ಡಾಯ ಮಾಡಬೇಕು. ಇನ್ನೊಂದು ವಿಷಯ, ಮುಂಬೈ–ಚೆನ್ನೈ ರೈಲು ನಮ್ಮೂರ ಮೇಲೇ ಹೋಗೋದರಿಂದ ಎಷ್ಟೋ ಜನ ರಜೆಗೆ ಚೆನ್ನೈ, ಪುದುಚೇರಿ ಕಡೆಗೂ ಹೋಗುತ್ತಾರೆ. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಮಕ್ಕಳ ಬೇಸಿಗೆ ರಜೆ ಬಹುಪಾಲು ಅದರೊಳಗೇ ಬರುತ್ತೆ. ಅಡ್ವಾನ್ಸ್ ಕಳಿಸುವ ಮೊದಲು ಕ್ಯಾಲೆಂಡರ್ ನೋಡಿ.

ಮತ್ತೆ ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಸಮುದ್ರದ ಅಲೆ, ಗಾಳಿಯ ಮುನ್ಸೂಚನೆ ಕೊಡುವ ಇನ್‌ಕಾಯಿಸ್ ಸಂಸ್ಥೆ ಇರೋದು ಹೈದರಾಬಾದಿನಲ್ಲಿ, ಕರಾವಳಿಗಿಂತ ನಮಗೇ ಹತ್ತಿರ. ಆದರೂ ಅವರ ಎಚ್ಚರಿಕೆ ಪ್ರಕಟವಾಗೋದು ಕರಾವಳಿ ಆವೃತ್ತಿಯಲ್ಲಿ ಮಾತ್ರ. ನಮ್ಮ ಕಲಬುರಗಿ ಆವೃತ್ತಿಯಲ್ಲಿ ಬಿಸಿಲಿನ ಡಿಗ್ರಿ, ಭೀಮಾ ನದಿಗೆ ಬಿಟ್ಟ ನೀರಿನ ಲೆಕ್ಕ ಬರುತ್ತೆ. ಏಪ್ರಿಲ್, ಮೇ, ಡಿಸೆಂಬರ್ ರಜೆಯ ದಿನಗಳಲ್ಲಿ ಅದರ ಕೆಳಗೇ ಎರಡು ಸಾಲು ಹಾಕಿ. ಸಮುದ್ರ ಹೇಗಿದೆ, ಬೋಟ್ ಹೋಗುತ್ತಾ ಇಲ್ವಾ, ಮತ್ತೆ ಕೋಸ್ಟ್ ಗಾರ್ಡ್ ತುರ್ತು ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093. ನಮ್ಮ ತಂದೆ ಈಗ ಪೇಪರ್ ಬಂದ ಕೂಡಲೇ ಮೊದಲು ತೆಗೆಯೋದು ಆ ಹವಾಮಾನದ ಮೂಲೆಯನ್ನೇ. ಮುಂದಿನ ಜನವರಿಗೆ ಮತ್ತೆ ಹೋಗೋದಂತೆ.

ಇಂತಿ,
ನಿಮ್ಮ ಓದುಗ,
ಕಲಬುರಗಿ