ಜೀಪು ನಿಂತಿದೆ ಎಂದು ಬರೆದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಮೂರು ದಿನದಿಂದ ಜೀಪು ಸ್ಟಾರ್ಟ್ ಆಗುತ್ತಿಲ್ಲ, ಬಸ್ಸು ಹಿಡಿಯಲು ತೋಟದೊಳಗಿಂದ ನಾಲ್ಕು ಕಿಲೋಮೀಟರ್ ನಡೆಯಬೇಕು ಎಂದು ಬರೆದಿದ್ದೀಯ. ಅರೇಬಿಕಾ ಕೊಯ್ಲಿನ ಈ ಹೊತ್ತಿನಲ್ಲಿ ಯಾರ ಪಿಕಪ್ಪೂ ಬಿಡುವಾಗಿ ಸಿಗುವುದಿಲ್ಲ, ಗೊತ್ತು. ರೈಲಂತೂ ನಮ್ಮ ಕೊಡಗು ಜಿಲ್ಲೆಗೆ ಇಲ್ಲವೇ ಇಲ್ಲ. ಆದರೂ ಗಾಬರಿಯಾಗಬೇಡ ಮಾರಾಯ. ಮೊದಲು, ಸುಮ್ಮನೆ ಸೆಲ್ಫ್ ಹೊಡೆಯುತ್ತ ಕೂರುವುದನ್ನು ನಿಲ್ಲಿಸು. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ಆಮೇಲೆ ಒಂದು ನಿಮಿಷ ಬಿಡಬೇಕು. ಇಲ್ಲದಿದ್ದರೆ ಇರುವ ಚಾರ್ಜೂ ಹೋಗುತ್ತದೆ, ಸೆಲ್ಫ್ ಮೋಟರೂ ಸುಡುತ್ತದೆ.

ಚಳಿಗೆ ಡೀಸೆಲ್ ಗಟ್ಟಿಯಾಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ಅದು ಲಡಾಖಿನಂಥ ಊರಿನ ತೊಂದರೆ. ಇಲ್ಲಿಯ ಚಳಿ ಹೊಡೆಯುವುದು ಬ್ಯಾಟರಿಯನ್ನು. ತಂಪಿಗೆ ಅದರ ಬಲ ಕುಗ್ಗುತ್ತದೆ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ದಪ್ಪಗಾಗಿ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ವಾರಗಟ್ಟಲೆ ನಿಂತ ಗಾಡಿ ಬೆಳಗಿನ ಮಂಜಿನಲ್ಲಿ ಸೋಲುವುದು ಇದಕ್ಕೇ.

ಕೀ ತಿರುಗಿಸಿದಾಗ ಏನು ಕೇಳಿಸುತ್ತದೆ ಹೇಳು. ಬರೀ ಟಕ್ ಟಕ್ ಎಂದರೆ ಬ್ಯಾಟರಿ ಇಳಿದಿದೆ ಅಥವಾ ಅದರ ಟರ್ಮಿನಲ್, ಅಂದರೆ ವೈರ್ ಸಿಕ್ಕಿಸುವ ಸೀಸದ ಗೂಟದ ಹಿಡಿತ, ಸರಿಯಾಗಿ ಕೂತಿಲ್ಲ. ಸದ್ದೇ ಇಲ್ಲ ಎಂದರೆ ಬಾನೆಟ್ ಎತ್ತಿ ವೈರ್ ನೋಡು, ಕೊಟ್ಟಿಗೆಯಲ್ಲಿ ನಿಂತ ಗಾಡಿಗೆ ಇಲಿ ಬಾಯಿ ಹಾಕದೆ ಬಿಡುವುದಿಲ್ಲ. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ದೋಷ ಡೀಸೆಲ್ ಕಡೆಯದು.

ನನ್ನ ಅನುಮಾನ ಟರ್ಮಿನಲ್ ಮೇಲೆ. ಅಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ 10ನೇ ನಂಬರ್ ಸ್ಪ್ಯಾನರಿನಿಂದ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚು. ಈ ಕ್ರಮ ತಪ್ಪಬಾರದು. ಮೈನಸ್ ಇರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಗಾಡಿಯ ಲೋಹಕ್ಕೆ ತಗುಲಿದರೆ ಕಿಡಿ ಹಾರುತ್ತದೆ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕು. ನೊರೆ ಬರುವುದು ನಿಂತರೆ ಪುಡಿ ಹೋಯಿತು ಎಂದರ್ಥ. ನೀರು ಸೆಲ್ಲುಗಳ ಮುಚ್ಚಳದೊಳಗೆ ಇಳಿಯಬಾರದು. ಒರೆಸಿ, ಸೀಸ ಹೊಳೆಯುವವರೆಗೆ ಎಮರಿ ಪೇಪರ್ ಹಾಕಿ, ಪ್ಲಸ್ ಮೊದಲು, ಮೈನಸ್ ಕೊನೆಗೆ ಬಿಗಿ ಮಾಡು. ವ್ಯಾಸಲೀನ್ ಹಚ್ಚುವುದು ಬಿಗಿ ಮಾಡಿದ ಮೇಲೆ, ಹೊರಗಿನಿಂದ.

ವೋಲ್ಟ್ ಅಳೆಯುವ ಮೀಟರ್ ಇದ್ದರೆ ಬ್ಯಾಟರಿಗೆ ಇಟ್ಟು ನೋಡು. 12.6 ವೋಲ್ಟ್ ಇದ್ದರೆ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್ ಎರವಲು ಪಡೆದು ಜಂಪ್ ಕೊಡಬೇಕು: ಕೆಂಪು ಕೇಬಲ್ ನಿನ್ನ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ; ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಕೊನೆಯ ತುದಿ ನಿನ್ನ ಎಂಜಿನ್ನಿನ ಬರಿ ಲೋಹಕ್ಕೆ. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಕಿಡಿಗೆ ಹೊತ್ತಿಕೊಳ್ಳುತ್ತದೆ, ಅದಕ್ಕೇ ಕೊನೆಯ ತುದಿ ಬ್ಯಾಟರಿಯಿಂದ ದೂರ ಇರಬೇಕು. ಮನೆಯ ಇನ್ವರ್ಟರ್ ಬ್ಯಾಟರಿಯಿಂದಲೂ ಆಗುತ್ತದೆ. ಇನ್ವರ್ಟರ್ ಆಫ್ ಮಾಡಿ, ವೈರ್ ಕಳಚಿ, ಒಂದೇ ಒಂದು ಬ್ಯಾಟರಿ ಬಳಸು. ಎರಡು ಜೋಡಿಸಿದ್ದರೆ 24 ವೋಲ್ಟ್, ಗಾಡಿಯ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ.

ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವ ಯೋಚನೆ ಇದ್ದರೆ ಒಂದು ಎಚ್ಚರ: ಎಂಜಿನ್ ಇಲ್ಲದಾಗ ಬ್ರೇಕ್ ಕಲ್ಲಿನಂತೆ ಗಟ್ಟಿ, ಸ್ಟೀರಿಂಗ್ ಭಾರ. ಕೆರೆಯ ಕಡೆಗೆ ಇಳಿಯುವ ದಾರಿಯಲ್ಲಂತೂ ಬೇಡವೇ ಬೇಡ.

ಡೀಸೆಲ್ ಕಡೆಯ ದೋಷವಾದರೆ, ಕೀ ಆನ್ ಮಾಡಿ, ಎಂಜಿನ್ ಒಳಗೆ ಬಿಸಿಯಾಗುತ್ತಿದೆ ಎಂದು ತೋರಿಸುವ ಡ್ಯಾಶ್‌ಬೋರ್ಡಿನ ಸುರುಳಿ ಗುರುತಿನ ಹಳದಿ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆ. ಆಗಲೂ ಆಗದಿದ್ದರೆ ಡೀಸೆಲ್ ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಬಸಿ. ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ರಾತ್ರಿ ತೇವ ಕಟ್ಟುತ್ತದೆ, ಆ ನೀರು ಇಲ್ಲಿ ಬಂದು ಕೂರುತ್ತದೆ. ಶುದ್ಧ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗಿ ಮಾಡಿ, ಡೀಸೆಲ್ ತುಂಬಿಸುವ ಕೈಪಂಪನ್ನು ಅದು ಗಟ್ಟಿಯಾಗುವವರೆಗೆ ಒತ್ತು.

ಇಷ್ಟಾಗಿಯೂ ನಡೆದೇ ಹೋಗಬೇಕಾದರೆ, ಮಂಜು ಕರಗಿ ಬಿಸಿಲು ಬಿದ್ದ ಮೇಲೆ ಹೊರಡು. ಮೊದಲ ಬಸ್ಸು ತಪ್ಪಿದರೆ ತಪ್ಪಲಿ. ಗದ್ದೆ ಕೊಯ್ಲಿನ ದಿನಗಳಲ್ಲಿ ಆನೆ ತೋಟದೊಳಗೇ ಹಗಲು ಕಳೆಯುತ್ತದೆ, ಮಂಜಿನಲ್ಲಿ ಇಪ್ಪತ್ತು ಅಡಿ ದೂರದ ಆನೆಯೂ ಕಾಣುವುದಿಲ್ಲ. ಕಾಫಿ ಗಿಡದ ನಡುವಿನ ಒಳದಾರಿ ಬಿಟ್ಟು ಜೀಪಿನ ದಾರಿಯಲ್ಲೇ ನಡೆ. ನಾಯಿಯನ್ನು ಕಟ್ಟಿಹಾಕಿ ಹೋಗು. ಆನೆಗೆ ಬೊಗಳಿ ಬೆದರಿದ ನಾಯಿ ಓಡಿಬರುವುದು ನಿನ್ನ ಕಾಲ ಬುಡಕ್ಕೇ, ಹಿಂದೆಯೇ ಆನೆ. ಯಾರಿಗಾದರೂ ಹುಷಾರು ತಪ್ಪಿದರೆ ನಡೆಸಬೇಡ, 108ಕ್ಕೆ ಫೋನ್ ಮಾಡು.

ಮನೆಯಲ್ಲಿ ಅಜ್ಜಿ ಇದ್ದಾರೆ ಎಂದಿದ್ದೀಯಲ್ಲ, ಚಳಿಗೆ ಕೆಂಡದ ಬಾಣಲೆ ಕೋಣೆಗೆ ಇಡುವ ರೂಢಿ ಇದ್ದರೆ ದಯವಿಟ್ಟು ಮಲಗುವ ಮುಂಚೆ ಹೊರಗಿಡು. ಹೊಗೆ ಇಲ್ಲದ ಕೆಂಡವೇ ಹೆಚ್ಚು ಅಪಾಯ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲಿದ್ದರೆ ತಲೆನೋವು, ವಾಕರಿಕೆಯೂ ಗೊತ್ತಾಗದೆ ಪ್ರಾಣ ಹೋಗಬಹುದು.

ಜೀಪು ಸ್ಟಾರ್ಟ್ ಆದರೆ ಕೂಡಲೇ ಆಫ್ ಮಾಡಬೇಡ. ನಿಲ್ಲಿಸಿಟ್ಟು ಐದು ನಿಮಿಷ ಓಡಿಸಿದರೆ ಕಳೆದ ಚಾರ್ಜು ತುಂಬುವುದಿಲ್ಲ, ಪೇಟೆಗೇ ಹೋಗಿ ಬಾ. ಅಲ್ಲಿ ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ ಬ್ಯಾಟರಿಗೆ ಇನ್ನೂ ಬಲ ಇದೆಯೇ ನೋಡು, ದಪ್ಪ ತಂತಿಯ ಜಂಪರ್ ಕೇಬಲ್ ಒಂದು ಕೊಂಡುಕೋ. ತೆಳ್ಳಗಿನದು ಡೀಸೆಲ್ ಗಾಡಿಗೆ ಬಿಸಿಯಾಗುತ್ತದೆಯೇ ಹೊರತು ಕೆಲಸಕ್ಕೆ ಬಾರದು. ಮನೆಗೆ ಬಂದ ಮೇಲೆ ಹ್ಯಾಂಡ್ ಬ್ರೇಕ್ ಎಳೆದು ಬಿಡಬೇಡ, ತೇವಕ್ಕೆ ಹಿಂದಿನ ಡ್ರಮ್ ಹಿಡಿದುಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡು. ಟಕ್ ಟಕ್ ಸದ್ದೋ, ಪೂರ್ತಿ ಮೌನವೋ, ನಾಳೆ ಬೆಳಿಗ್ಗೆ ನೋಡಿ ಬರೆ.

ನಿನ್ನ ಗೆಳೆಯ