ಕ್ಯೂನಲ್ಲಿ ನಿಂತು ನಿನಗೊಂದು ಪತ್ರ

ಲೋ ಗೆಳೆಯಾ,

ಎಲ್ಲರೂ ಓದುವ ಜಾಗದಲ್ಲಿ ನಿನಗೆ ಬರೆಯುತ್ತಿದ್ದೇನೆ, ಬೈಯಬೇಡ. ನಿನ್ನ ಛತ್ರಿ ನನ್ನ ಹತ್ತಿರವೇ ಇದೆ.

ಈಚೆಗೆ ಆರ್ಲಿ ಹೋಕ್‌ಶೀಲ್ಡ್ ಅವರನ್ನು ಓದಿದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ. ತನಗಿಂತ ಪೂರ್ತಿ ಬೇರೆ ರಾಜಕೀಯದ ಜನರನ್ನು ಅರಿಯಬೇಕು ಅಂತ ಐದು ವರ್ಷ ಲೂಸಿಯಾನಾ ರಾಜ್ಯದ ಲೇಕ್ ಚಾರ್ಲ್ಸ್ ಕಡೆಗೆ ಹೋಗಿ ಬಂದು, ಟೀ ಪಾರ್ಟಿ ಅನ್ನುವ ಬಲಪಂಥೀಯ ಚಳವಳಿಯ ಬೆಂಬಲಿಗರ ಮನೆಯಲ್ಲಿ ಕೂತು ಮಾತು ಕೇಳಿಸಿಕೊಂಡವರು. ಅಲ್ಲಿ ಪೆಟ್ರೋಕೆಮಿಕಲ್ ಕಾರ್ಖಾನೆಗಳು ನೀರು ಕೆಡಿಸಿವೆ, ಜನರ ಸಿಟ್ಟು ಮಾತ್ರ ಸರ್ಕಾರದ ಮೇಲೆ. ಅವರ ಮನಸ್ಸಿನೊಳಗಿನ ಕತೆಯನ್ನು ಆಕೆ ಹೀಗೆ ಹೇಳುತ್ತಾರೆ. ಒಂದು ಗುಡ್ಡ. ಅದರಾಚೆ ಒಳ್ಳೆಯ ಬದುಕು. ಉದ್ದದ ಕ್ಯೂ, ನೀನು ವರ್ಷಗಟ್ಟಲೆ ನಿಂತಿದ್ದೀಯ, ಕ್ಯೂ ಅಲುಗಾಡುತ್ತಿಲ್ಲ. ನೋಡಿದರೆ ಮುಂದೆ ಯಾರೋ ನಡುವೆ ನುಗ್ಗುತ್ತಿದ್ದಾರೆ: ಕಪ್ಪು ಜನ, ಹೆಂಗಸರು, ವಲಸೆ ಬಂದವರು. ಇದನ್ನು ಅವರಿಗೇ ಹೇಳಿ ತೋರಿಸಿದಾಗ, ಹೌದು, ಇದೇ ನಮ್ಮ ಕತೆ ಅಂದರಂತೆ.

ಆ ವಲಸೆ ಬಂದವನು ನಾನೇ ಅಲ್ವಾ? ತುಂಬಾ ನೋವಾಯಿತು. ನಾನೂ ಅಮೆರಿಕದಲ್ಲಿ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡ್‌ನ ಕ್ಯೂನಲ್ಲೇ ನಿಂತವನು. ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಕೊಡುವ ಕಾರ್ಡುಗಳಲ್ಲಿ 7 ಪರ್ಸೆಂಟ್ ಮಿತಿ, ಹಾಗಾಗಿ ನಮ್ಮವರ ಸಾಲು ಜಾಸ್ತಿ ಉದ್ದ. ಪಕ್ಕದ ಸೀಟಿನ ಹುಡುಗ ಬೇರೆ ದೇಶದಲ್ಲಿ ಹುಟ್ಟಿದವನು. ನನಗಿಂತ ಆಮೇಲೆ ಅರ್ಜಿ ಹಾಕಿದ, ಮೊದಲು ಪಡೆದ. ಕೈ ಕುಲುಕಿ ಮನೆಗೆ ಬಂದೆ. ಊಟ ಸೇರಲಿಲ್ಲ.

ಆ ಸಿಟ್ಟಿನ ಗುರುತು ನನಗೆ ಮೊದಲೇ ಇತ್ತು. ಸಿಇಟಿ ಕೌನ್ಸೆಲಿಂಗ್‌ನಲ್ಲಿ ನಿನಗೆ ಸೀಟು ಸಿಕ್ಕ ದಿನ ಬಂದದ್ದೂ ಇದೇ. "ಕೋಟಾ ಇತ್ತಲ್ಲ, ಅದಕ್ಕೇ" ಅಂತ ನಿನ್ನ ಬೆನ್ನ ಹಿಂದೆ ಅಂದೆ. ನಮ್ಮಜ್ಜ ಮೇಷ್ಟ್ರಾಗಿದ್ದರು, ನಿಮ್ಮಜ್ಜನನ್ನು ಶಾಲೆಯ ಜಗಲಿಯಲ್ಲೇ ಕೂರಿಸಿದ್ದರು. ಇದು ಗೊತ್ತಿದ್ದೂ ಅಂದೆ.

ನಾನು ಇಲ್ಲಿ ನಿಲ್ಲಲು ಜಾಗ ಮಾಡಿಕೊಟ್ಟವರೂ ಬೇರೆಯವರೇ. ಅಮೆರಿಕದ 1946ರ ವಲಸೆ ಕಾನೂನಿನಂತೆ ಭಾರತೀಯರಿಗೆ ವರ್ಷಕ್ಕೆ ಬರೀ 100 ಜನರ ಕೋಟಾ. ಕಪ್ಪು ಜನರು ಹಕ್ಕಿಗಾಗಿ ಬೀದಿಗಿಳಿದ ಆ ವರ್ಷಗಳಲ್ಲೇ, 1965ರಲ್ಲಿ, ಆ ಕಾನೂನು ಬದಲಾಗಿ ನಮಗೂ ಬಾಗಿಲು ತೆರೆಯಿತು. ಇಷ್ಟು ವರ್ಷ ಇಲ್ಲಿದ್ದು ನಾನದನ್ನು ಯೋಚಿಸಿಯೇ ಇರಲಿಲ್ಲ ಕಣೋ.

ಇಷ್ಟೆಲ್ಲ ಬರೆಯಲು ಕೂತಿರಲಿಲ್ಲ. ಸುಮ್ನೆ ಕುಶಲ ಕೇಳೋಣ ಅಂತಿದ್ದೆ. ಅಮ್ಮನ ಮಂಡಿ ನೋವು ಹೇಗಿದೆ? ಡಿಸೆಂಬರ್‌ನಲ್ಲಿ ಬರುತ್ತೇನೆ. ಮಳೆ ಇರಲ್ಲ, ಆದರೂ ಛತ್ರಿ ತರುತ್ತೇನೆ.

ನಿನ್ನವನು